ಎಲ್ಲರೂ ಒಂದಾಗಿರಲಿ: ವೈಟ್‌ಫೀಲ್ಡ್‌ಗೆ ಬಂದ ಪ್ರಾರ್ಥನೆ

ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಶಿಷ್ಯರಿಗಾಗಿ ಮಾಡಿದ ಪ್ರಾರ್ಥನೆ ಯೋಹಾನನ ಸುವಾರ್ತೆಯ 17ನೇ ಅಧ್ಯಾಯದಲ್ಲಿದೆ. ಇವರನ್ನು ಕೇಡಿನಿಂದ ಕಾಪಾಡು, ಇವರೆಲ್ಲ ಒಂದಾಗಿರಲಿ ಎಂದು ಆತ ಬೇಡಿದ. ವೈಟ್‌ಫೀಲ್ಡ್‌ನ ಮನೆಕೂಟಗಳಲ್ಲಿ ಮೊದಲನೆಯ ಬೇಡಿಕೆ ತಾನಾಗಿ ಬಾಯಿಗೆ ಬರುತ್ತದೆ: ನೈಟ್ ಶಿಫ್ಟ್‌ಗೆ ಹೊರಟ ಮಗಳಿಗಾಗಿ, ಕುಡಿತಕ್ಕೆ ಬಿದ್ದ ತಮ್ಮನಿಗಾಗಿ, ಕೆಲಸ ಹೋದೀತೆಂಬ ಭಯದಲ್ಲಿ. ಎರಡನೆಯದಕ್ಕೆ ನಾಲಿಗೆ ತಡವರಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವುದು ಹೇಗೆ? ಒಡಕೇ ದೊಡ್ಡ ಕೇಡಲ್ಲವೇ?

ಹಾಗೆಂದು ನಂಬಿದವರು ನಮ್ಮಲ್ಲಿದ್ದರು. 1910ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಬೇರೆ ಬೇರೆ ಮಿಷನ್‌ಗಳ ಸಭಾಪಾಲಕರನ್ನು ಒಂದೇ ಸೂರಿನಡಿ ತಯಾರು ಮಾಡಿತು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಬಿಷಪ್ ವಿ.ಎಸ್. ಅಜರಯ್ಯ ಸೇರಿ 33 ಮಂದಿ ಒಂದು ಹೇಳಿಕೆ ಹೊರಡಿಸಿದರು. ಈ ಪಂಗಡಗಳು ಹೊರಗಿನಿಂದ ಬಂದು ನಮ್ಮ ಮೇಲೆ ಕುಳಿತವು, ಇವನ್ನು ಹುಟ್ಟಿಸಿದವರು ನಾವಲ್ಲ ಎಂಬುದು ಅದರ ತಿರುಳು. ಒಂದಾಗುವ ಸಭೆಗೆ ಬಿಷಪ್ ಬೇಕೇ ಬೇಡವೇ, ಯಾರ ದೀಕ್ಷೆ ಯಾರಿಗೆ ಸಲ್ಲುತ್ತದೆ ಎಂಬ ಮಾತುಕತೆ ಮುಗಿಯಲು 28 ವರ್ಷ ಹಿಡಿಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಆಯಿತು. ಎಲ್ಲರೂ ಒಂದಾಗಿರಲಿ ಎಂಬ ಯೋಹಾನನ ಆ ಮಾತೇ ಅದರ ಲಾಂಛನದ ಮೇಲೆ ಕುಳಿತಿತು. ಅಷ್ಟು ದುಡಿದ ಅಜರಯ್ಯನವರು ಅದನ್ನು ನೋಡಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು.

ಕಥೋಲಿಕರು ಈ ಕೂಡಿಕೆಯಿಂದ ಇನ್ನೂ ಹೊರಗಿದ್ದರು. ಅವರ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದ 1963ರಲ್ಲಿ ಮಾರ್ಥೋಮಾ ಸಭೆಯ ಪಾದ್ರಿ ಎಂ.ಎ. ಥಾಮಸ್ ವೈಟ್‌ಫೀಲ್ಡ್‌ನಲ್ಲಿ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಕಟ್ಟಿದರು. ಆಗ ಇಲ್ಲಿ ಟೆಕ್ ಪಾರ್ಕುಗಳಿರಲಿಲ್ಲ; 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಹುಟ್ಟಿದ ಸಣ್ಣ ವಸತಿ, ಸುತ್ತ ಹೊಲಗದ್ದೆ. ಬೇರೆ ಬೇರೆ ಸಭೆಯವರು ಒಟ್ಟಿಗೆ ಉಂಡು, ವಾದಿಸಿ, ಪ್ರಾರ್ಥಿಸುವ ತಾಣ ಅದಾಯಿತು. ಥಾಮಸ್ ಅವರಿಗೆ ಪ್ರಾರ್ಥನೆ ಗೋಡೆಯೊಳಗಿನ ವಿಷಯವಾಗಿರಲಿಲ್ಲ. ತುರ್ತು ಪರಿಸ್ಥಿತಿಯ ಬೆನ್ನಿಗೇ, 1977ರಲ್ಲಿ, ಮಾನವ ಹಕ್ಕುಗಳಿಗಾಗಿ ವಿಜಿಲ್ ಇಂಡಿಯಾ ಚಳವಳಿಯನ್ನೂ ಅವರು ಆರಂಭಿಸಿದರು. ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಇದರಿಂದ.

ಪ್ರತಿ ಜನವರಿ 18ರಿಂದ 25ರವರೆಗೆ ಲೋಕದ ಹಲವು ಸಭೆಗಳು ಐಕ್ಯತೆಗಾಗಿ ಪ್ರಾರ್ಥಿಸುತ್ತವೆ. 1908ರಲ್ಲಿ ಅಮೆರಿಕದಲ್ಲಿ ಪಾಲ್ ವಾಟ್ಸನ್ ಇದನ್ನು ಶುರುಮಾಡಿದಾಗ, ಎಲ್ಲರೂ ರೋಮಿಗೆ ಮರಳಲಿ ಎಂಬ ಆಸೆ ಅದರಲ್ಲಿತ್ತು. 1930ರ ದಶಕದಲ್ಲಿ ಫ್ರಾನ್ಸಿನ ಪಾಲ್ ಕುತುರಿಯೆ ಆ ಶರತ್ತನ್ನು ಬಿಟ್ಟರು: ಕ್ರಿಸ್ತ ಬಯಸುವ ಐಕ್ಯತೆ, ಆತ ಬಯಸುವ ರೀತಿಯಲ್ಲಿ ಬರಲಿ. 2013ರ ವಾರಕ್ಕೆ ಪ್ರಾರ್ಥನೆಗಳನ್ನು ಸಿದ್ಧಮಾಡುವ ಹೊಣೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಆಫ್ ಇಂಡಿಯಾಕ್ಕೆ ಬಂತು. ಆ ವಿದ್ಯಾರ್ಥಿಗಳು ಪ್ರವಾದಿ ಮೀಕನನ್ನು ಮುಂದಿಟ್ಟುಕೊಂಡು, ದಲಿತರಿಗೆ ಆಗುವ ಅನ್ಯಾಯವನ್ನು ಪ್ರಾರ್ಥನೆಯ ನಡುವೆಯೇ ತಂದಿಟ್ಟರು. ಪಂಗಡದ ಒಡಕು ಹಡಗಿನಲ್ಲಿ ಬಂದಿರಬಹುದು, ಜಾತಿಯದು ನಮ್ಮದೇ. ದಕ್ಷಿಣ ಭಾರತದ ಕೆಲವು ಊರುಗಳಲ್ಲಿ ಕ್ರೈಸ್ತರ ಸಮಾಧಿ ಜಾಗವೂ ಜಾತಿಗೊಂದು.

ಬರುವ ಜನವರಿಯಲ್ಲಿ ಪಕ್ಕದ ಸಭೆಯವರನ್ನು ಪ್ರಾರ್ಥನೆಗೆ ಕರೆಯುವ ಪಾಸ್ಟರ್‌ಗಳಿಗೆ, ಪಾದ್ರಿಗಳಿಗೆ ನನ್ನದೊಂದು ಕೋರಿಕೆ. ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲೇ ಕೂಟ ನಡೆಸುವ ವಿಶ್ವಾಸಿಗಳಿಗೂ ಆ ಕರೆ ಹೋಗಲಿ.