ರೆಸಿಟೇಟಿವ್ ಕಲಿಕೆ: ನಂಬಿಕೆ ಯಾವುದು, ಸತ್ಯ ಯಾವುದು?

ಒಪೆರಾ ಗಾಯನ ಕಲಿಯುವವರು ಒಂದೊಂದು ಆರಿಯಾಕ್ಕೂ, ಅಂದರೆ ಒಬ್ಬರೇ ಹಾಡುವ ಹಾಡಿಗೂ, ತಿಂಗಳುಗಟ್ಟಲೆ ಬೆವರು ಸುರಿಸುತ್ತಾರೆ. ಅದರ ಹಿಂದೆಮುಂದೆ ಬರುವ ರೆಸಿಟೇಟಿವ್ ಮಾತ್ರ ಕೊನೆಯ ವಾರದವರೆಗೂ ಹಾಗೇ ಉಳಿದುಬಿಡುತ್ತದೆ. ಮಾತಿನ ನಡೆಯಲ್ಲೇ ಸ್ವರ ಹಿಡಿದು ಸಾಗುವ ಸಂಭಾಷಣೆ ಅದು. ಗಮಕ ಕೇಳಿದವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ: ಅಲ್ಲಿಯೂ ತಾಳದ ಕಟ್ಟಿಲ್ಲ, ಸಾಹಿತ್ಯ ಮುಂದೆ ನಡೆದರೆ ರಾಗ ಅದನ್ನು ಹಿಂಬಾಲಿಸುತ್ತದೆ. ರೆಸಿಟೇಟಿವ್ ಬಗ್ಗೆ ಬೇರೂರಿರುವ ಕೆಲವು ನಂಬಿಕೆಗಳು ಕಲಿಕೆಯನ್ನೇ ದಾರಿ ತಪ್ಪಿಸುತ್ತಿವೆ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ರೆಸಿಟೇಟಿವ್ ಎಂದರೆ ಎರಡು ಹಾಡುಗಳ ನಡುವಿನ ಭರ್ತಿ.

ಸತ್ಯ: ಒಪೆರಾ ಹುಟ್ಟಿದ್ದೇ ಇದರಿಂದ. 1600ರಲ್ಲಿ ಫ್ಲಾರೆನ್ಸ್‌ನಲ್ಲಿ ಪ್ರದರ್ಶನಗೊಂಡ ಯಾಕೊಪೊ ಪೇರಿಯ ‘ಎವುರಿದೀಚೆ’ಯ ಬಹುಭಾಗ ಇಂಥ ಸ್ವರಬದ್ಧ ಮಾತೇ. ಮಾತಿಗೂ ಹಾಡಿಗೂ ನಡುವಿನ ಒಂದು ದಾರಿಯನ್ನು ಪೇರಿ ಹುಡುಕುತ್ತಿದ್ದ. ಮುಂದೆ ಆರಿಯಾಗಳು ಬೆಳೆದು ನಿಂತ ಮೇಲೂ ಕಥೆ ಹೊತ್ತದ್ದು ರೆಸಿಟೇಟಿವ್. 1786ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂದ ಮೊಜಾರ್ಟ್‌ನ ‘ಫಿಗರೊನ ಮದುವೆ’ಯ ಮೊದಲ ಅಂಕವನ್ನೇ ನೋಡಿ. ಹರೆಯದ ಪರಿಚಾರಕ ಕೆರುಬೀನೊ ಕುರ್ಚಿಯ ಹಿಂದೆ ಅಡಗುತ್ತಾನೆ. ಯಜಮಾನ ಕೌಂಟ್ ಬಂದು ಸೇವಕಿ ಸುಸಾನಾಳನ್ನು ಒಲಿಸಿಕೊಳ್ಳಲು ನೋಡುತ್ತಾನೆ. ಸಂಗೀತ ಶಿಕ್ಷಕ ಬಸೀಲಿಯೊನ ದನಿ ಕೇಳಿ ಅವನೂ ಅದೇ ಕುರ್ಚಿಯ ಹಿಂದಕ್ಕೆ ಸರಿಯುವಾಗ ಹುಡುಗ ಕುರ್ಚಿಯ ಮೇಲಕ್ಕೆ ಜಿಗಿಯುತ್ತಾನೆ. ಇಷ್ಟೆಲ್ಲವೂ ರೆಸಿಟೇಟಿವ್‌ನಲ್ಲೇ ನಡೆಯುತ್ತದೆ. ಅದನ್ನು ಸರಸರನೆ ದಾಟಿಸಿದರೆ ಮುಂದಿನ ಮೂವರ ಹಾಡಿಗೆ ನೆಲೆಯೇ ಇರುವುದಿಲ್ಲ.

ತಪ್ಪು ಕಲ್ಪನೆ 2: ಬರೆದ ಲಯವನ್ನು ಲೆಕ್ಕ ಹಾಕಿ ಹಾಡಿದರೆ ಸಾಕು.

ಸತ್ಯ: ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯ ಮತ್ತು ಚೆಲ್ಲೊಗಳಷ್ಟೇ ಜೊತೆಗಿರುವ ‘ಸೆಕ್ಕೊ’ ರೆಸಿಟೇಟಿವ್‌ನಲ್ಲಿ ನಾಲ್ಕು ಎಣಿಕೆಯ ತಾಳ ಬರವಣಿಗೆಯ ಅನುಕೂಲಕ್ಕಾಗಿ ಇದೆ. ಹಾಡುವಾಗ ಮಾತಿನ ವೇಗವೇ ಮುಖ್ಯ. ವಿರಾಮದ ಚಿಹ್ನೆಗಳು ಬಹಳಷ್ಟು ಸಲ ಪದ್ಯದ ಸಾಲು ಮುಗಿದದ್ದನ್ನು ತೋರಿಸುತ್ತವೆ. ಇಟಾಲಿಯನ್ ಕವಿಗಳು ಇಲ್ಲಿ ಏಳು ಮತ್ತು ಹನ್ನೊಂದು ಅಕ್ಷರದ ಸಾಲುಗಳನ್ನು ಬೆರೆಸಿ ಬರೆಯುತ್ತಿದ್ದರು. ವಾಕ್ಯ ಸಾಲು ದಾಟಿ ಹರಿದರೆ ಗಾಯಕರೂ ಆ ವಿರಾಮ ದಾಟಿ ಹೋಗಬಹುದು.

ಹಾಗೆಂದು ಮನಸ್ಸಿಗೆ ಬಂದಂತೆ ಎಳೆಯುವ ಹಾಗಿಲ್ಲ. ಒತ್ತು ಬೀಳುವ ಅಕ್ಷರಗಳನ್ನು ಸಂಯೋಜಕ ಸಾಮಾನ್ಯವಾಗಿ ಬಲವಾದ ಎಣಿಕೆಯ ಮೇಲೆ ಕೂರಿಸಿರುತ್ತಾನೆ. ಮೊದಲು ಬರೆದ ಲಯವನ್ನು ಚಾಚೂ ತಪ್ಪದೆ ಕಲಿತು ಆಮೇಲೆ ಸಡಿಲಿಸುವುದು ಸರಿಯಾದ ಕ್ರಮ. ಫ್ರೆಂಚ್ ಪದ್ಧತಿಯ ಹಾದಿ ಬೇರೆ. ಲುಲ್ಲಿ, ರಾಮೊ ಅವರ ರೆಸಿಟೇಟಿವ್‌ನಲ್ಲಿ ತಾಳ ಮತ್ತೆ ಮತ್ತೆ ಬದಲಾಗುತ್ತದೆ, ಬರೆದ ಲಯಕ್ಕೆ ಹೆಚ್ಚು ನಿಷ್ಠೆ ಬೇಕು.

ತಪ್ಪು ಕಲ್ಪನೆ 3: ಬರೆದ ಸ್ವರವನ್ನು ಬದಲಿಸುವುದು ಸಂಯೋಜಕನಿಗೆ ಮಾಡುವ ಅಪಚಾರ.

ಸತ್ಯ: 18ನೇ ಶತಮಾನದ ಸಂಗೀತದಲ್ಲಿ ಎಷ್ಟೋ ಕಡೆ ಬದಲಿಸದಿರುವುದೇ ತಪ್ಪು. ಸಾಲಿನ ಕೊನೆಯಲ್ಲಿ ಒಂದೇ ಸ್ವರ ಎರಡು ಸಲ ಬಂದಾಗ, ಒತ್ತಿನ ಅಕ್ಷರವನ್ನು ಒಂದು ಮೆಟ್ಟಿಲು ಮೇಲೆ ಹಾಡುವುದು ರೂಢಿ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ, ಸ–ಸ ಎಂದು ಬರೆದದ್ದು ರಿ–ಸ ಆಗುತ್ತದೆ. ಮೇಲಿನ ಷಡ್ಜದಿಂದ ಪಂಚಮಕ್ಕೆ ಇಳಿಯುವ ಸ–ಪ–ಪ ಎಂಬುದು ಸ–ಸ–ಪ ಆಗುತ್ತದೆ. ಇದೇ ಅಪ್ಪೊಜ್ಜಾತೂರ. ಜರ್ಮನ್ ಸಂಯೋಜಕ ಟೆಲೆಮನ್ 1725ರಲ್ಲಿ ಹೊರತರಲು ತೊಡಗಿದ ಕಾಂಟಾಟಾ ಸಂಗ್ರಹದ ಮುನ್ನುಡಿಯಲ್ಲಿ, ಬರೆದದ್ದು ಹೇಗಿರುತ್ತದೆ, ಹಾಡಬೇಕಾದದ್ದು ಹೇಗೆ ಎಂದು ಉದಾಹರಣೆ ಕೊಟ್ಟು ತೋರಿಸಿದ್ದಾನೆ. 20ನೇ ಶತಮಾನದ ಮಧ್ಯದ ಹೊತ್ತಿಗೆ ಬರೆದಂತೆಯೇ ಹಾಡುವ ಹಟ ಈ ರೂಢಿಯನ್ನು ಬಹುಮಟ್ಟಿಗೆ ಬದಿಗೊತ್ತಿತ್ತು. 1965ರಲ್ಲಿ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ವಾದ್ಯವೃಂದ ನಿರ್ದೇಶಕ ಚಾರ್ಲ್ಸ್ ಮಕೆರಸ್ ‘ಫಿಗರೊ’ವನ್ನು ಅಪ್ಪೊಜ್ಜಾತೂರಗಳೊಂದಿಗೆ ನಡೆಸಿಕೊಟ್ಟು ಅದನ್ನು ಮತ್ತೆ ಚರ್ಚೆಗೆ ತಂದರು. ಎಲ್ಲಿ ಸೇರಿಸಬೇಕು, ಎಲ್ಲಿ ಖಡಾಖಂಡಿತ ಮಾತಿಗೆ ಬರೆದ ಸ್ವರವನ್ನೇ ಉಳಿಸಬೇಕು ಎಂಬುದನ್ನು ಪಾತ್ರದ ಭಾವ ಹೇಳುತ್ತದೆ.

ತಪ್ಪು ಕಲ್ಪನೆ 4: ರಾಗ ಸರಳ, ಹಾಗಾಗಿ ಬೇಗ ಬಾಯಿಗೆ ಬರುತ್ತದೆ.

ಸತ್ಯ: ಆರಿಯಾದಲ್ಲಿ ಮಾತು ಮರೆತರೂ ರಾಗ ಕೈಹಿಡಿಯುತ್ತದೆ. ಇಲ್ಲಿ ಆ ಆಸರೆ ಇಲ್ಲ. ಸ್ವರಗಳು ಒಂದರಂತೆ ಒಂದಿರುತ್ತವೆ, ಕೆಳಗಿನ ಶ್ರುತಿ ಮಾತ್ರ ಥಟ್ಟನೆ ಬೇರೆಡೆಗೆ ಸರಿಯುತ್ತದೆ. ಆದ್ದರಿಂದ ಅಭ್ಯಾಸ ಮಾತಿನಿಂದ ಶುರುವಾಗಬೇಕು. ಪಠ್ಯವನ್ನು ಕೈಯಾರೆ ಬರೆದುಕೊಳ್ಳಿ. ಪದಪದಕ್ಕೂ ಅರ್ಥ ಹಚ್ಚಿ. ಒತ್ತಿನ ಅಕ್ಷರಕ್ಕೆ ಗುರುತು ಹಾಕಿ. ಎರಡು ಪದಗಳ ಸ್ವರಾಕ್ಷರಗಳು ಕೂಡಿಕೊಳ್ಳುವ ಕಡೆ ಗೆರೆ ಎಳೆಯಿರಿ. ನಾಟಕದ ಮಾತಿನಂತೆ ಗಟ್ಟಿಯಾಗಿ ಓದಿ. ಆಮೇಲೆ ಬರೆದ ಲಯದಲ್ಲಿ ಓದಿ, ಕೊನೆಗೆ ಸ್ವರ ಸೇರಿಸಿ. ಎದುರು ಪಾತ್ರದ ಮಾತನ್ನೂ ಇಷ್ಟೇ ಶ್ರದ್ಧೆಯಿಂದ ಕಲಿಯಿರಿ. ನಿಮ್ಮ ಪ್ರತಿ ಸಾಲೂ ಇನ್ನೊಬ್ಬರು ಆಡಿದ್ದಕ್ಕೆ ಉತ್ತರ.

ತಪ್ಪು ಕಲ್ಪನೆ 5: ವಾದ್ಯದವರು ಗಾಯಕರ ಹಿಂದೆ ಬಂದರಾಯಿತು.

ಸತ್ಯ: ಸೆಕ್ಕೊದಲ್ಲಿ ಹಾರ್ಪ್ಸಿಕಾರ್ಡ್ ನುಡಿಸುವವರೂ ಸಂಭಾಷಣೆಯ ಪಾಲುದಾರರು. ಅವರು ಸ್ವರಮೇಳವನ್ನು ಬೇಗ ಮೀಟಿದರೆ ಮಾತಿಗೆ ಆತುರ ಬರುತ್ತದೆ, ತಡೆದು ಮೀಟಿದರೆ ಅನುಮಾನ. ಇಡೀ ವಾದ್ಯವೃಂದ ಜೊತೆಗೂಡುವ ‘ಅಕ್ಕೊಂಪಾನ್ಯಾತೊ’ದಲ್ಲಿ ಗಾಯಕರ ಸ್ವಾತಂತ್ರ್ಯ ಇನ್ನೂ ಕಡಿಮೆ. ಮೊಜಾರ್ಟ್‌ನ ‘ದೋನ್ ಜೊವಾನ್ನಿ’ಯಲ್ಲಿ ತನ್ನ ತಂದೆಯನ್ನು ಕೊಂದವನು ಯಾರೆಂದು ದೋನ್ನಾ ಆನ್ನಾ ಗುರುತಿಸುವ ಭಾಗ ಇಂಥದ್ದು. ಅಲ್ಲಿ ಮಾತಿನ ನಡುವೆ ವಾದ್ಯಗಳು ಸಿಡಿಯುತ್ತವೆ. ಕೈ ಆಡಿಸುವ ನಿರ್ದೇಶಕರ ಕಡೆ ಕಣ್ಣಿರಲೇಬೇಕು.

ತಪ್ಪು ಕಲ್ಪನೆ 6: ಇಟಾಲಿಯನ್ ಮನೆಮಾತಲ್ಲದವರಿಗೆ ಇದು ಒಲಿಯದು.

ಸತ್ಯ: ಕನ್ನಡಿಗರಿಗಂತೂ ಅರ್ಧ ದಾರಿ ಕ್ರಮಿಸಿದಂತೆಯೇ. ಇಟಾಲಿಯನ್ನಿನಲ್ಲಿ ‘ಪೇನ’ ಎಂದರೆ ನೋವು, ‘ಪೆನ್ನ’ ಎಂದರೆ ಲೇಖನಿ. ಕತೆಯನ್ನೂ ಕತ್ತೆಯನ್ನೂ ಬೇರೆಬೇರೆಯಾಗಿ ನುಡಿಯುವ ನಾಲಿಗೆಗೆ ಈ ದ್ವಿತ್ವ ಹೊಸದಲ್ಲ. ಇಟಾಲಿಯನ್ನಿನ ತ, ದ ಕೂಡ ನಮ್ಮಂತೆಯೇ ಹಲ್ಲಿಗೆ ತಾಗುವ ಅಲ್ಪಪ್ರಾಣಗಳು. ನಾವು ಕಷ್ಟಪಟ್ಟು ಕಲಿಯಬೇಕಾದದ್ದು ಒತ್ತು. ಅದು ಸ್ಥಳ ಬದಲಿಸಿದರೆ ಪದವೇ ಬದಲಾಗುತ್ತದೆ: ‘ಆಂಕೊರ’ ಎಂದರೆ ಲಂಗರು, ‘ಅಂಕೋರ’ ಎಂದರೆ ಇನ್ನೂ.

ತಪ್ಪು ಕಲ್ಪನೆ 7: ಇದು ಹಳೆಯ ವಿದ್ಯೆ, ಇಂದಿನವರಿಗೆ ಬೇಡ.

ಸತ್ಯ: ರೊಸ್ಸೀನಿ 1815ರಲ್ಲೇ ‘ಎಲಿಸಬೆತ್ತಾ’ದಲ್ಲಿ ಹಾರ್ಪ್ಸಿಕಾರ್ಡ್ ಬಿಟ್ಟು ತಂತಿವಾದ್ಯಗಳನ್ನು ಬಳಸಿದ. 19ನೇ ಶತಮಾನದಲ್ಲಿ ಸೆಕ್ಕೊ ಕ್ರಮೇಣ ಹಿಂದೆ ಸರಿಯಿತು, ನಿಜ. ಆದರೆ 1951ರಲ್ಲಿ ವೆನಿಸ್‌ನಲ್ಲಿ ಮೊದಲ ಪ್ರದರ್ಶನ ಕಂಡ ಸ್ಟ್ರಾವಿನ್ಸ್ಕಿಯ ‘ದ ರೇಕ್ಸ್ ಪ್ರೋಗ್ರೆಸ್’ ಹಾರ್ಪ್ಸಿಕಾರ್ಡ್ ಸಮೇತ ಅದನ್ನು ಮರಳಿ ತಂದಿತು. ಪುಚ್ಚೀನಿಯ ‘ಲಾ ಬೊಎಮ್’ನಲ್ಲಿ ಗೆಳೆಯರು ಹರಟುವ ಸಾಲುಗಳಿಗೂ ಬೇಕಾದದ್ದು ಇದೇ ಕೌಶಲ. ಪದದ ಅರ್ಥ, ಒತ್ತು, ಎದುರಿನವರ ಮಾತು ಇವನ್ನು ಅರಿತು ಹಾಡುವವರು ಯಾವ ಕಾಲದ ಒಪೆರಾದಲ್ಲೂ ಪಾತ್ರವಾಗಬಲ್ಲರು. ಆದ್ದರಿಂದ ಹೊಸ ಪಾತ್ರವೊಂದನ್ನು ಕೈಗೆತ್ತಿಕೊಂಡಾಗ ರೆಸಿಟೇಟಿವ್‌ನಿಂದಲೇ ಶುರುಮಾಡಿ. ಆ ಪಾತ್ರ ಯಾರು, ಅದಕ್ಕೆ ಬೇಕಿರುವುದೇನು ಎಂಬುದು ಮೊದಲು ತಿಳಿಯುವುದು ಅಲ್ಲೇ.