ಮಾಂಟೆರೆ: ಕಡಲು ಕಂಡವರು ಕಣಿವೆ ಕಾಣರು

ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ಮಗನದೋ ಮಗಳದೋ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ಕನ್ನಡದ ಅಪ್ಪ-ಅಮ್ಮಂದಿರ ಮೊಬೈಲಿನಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಹಿಂದೆ ಬಂಡೆಯ ಮೇಲೆ ಒಂಟಿ ಸೈಪ್ರೆಸ್ ಮರ, ಮುಂದೆ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಇಬ್ಬರು. ಜುಲೈ ತಿಂಗಳಾದರೂ ಮೈಮೇಲೆ ಸ್ವೆಟರ್. ಅದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿ. ವಿಸ್ತೀರ್ಣದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ಚಿಕ್ಕದು, ಜನ ಸುಮಾರು 4.4 ಲಕ್ಷ. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವ ಪ್ರವಾಸದಲ್ಲಿ ಅಕ್ವೇರಿಯಂ, ‘17 ಮೈಲಿ ದಾರಿ’, ಬಿಕ್ಸ್‌ಬಿ ಸೇತುವೆ ಎಲ್ಲ ಮುಗಿದುಬಿಡುತ್ತವೆ. ಕೌಂಟಿಯ ಆಡಳಿತ ಕೇಂದ್ರವಾದ ಸಲಿನಾಸ್ ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ನನ್ನನ್ನು ಕೇಳಿದರೆ, ಅದನ್ನು ಬಿಟ್ಟು ಬಂದವರು ಮಾಂಟೆರೆಯ ಅರ್ಧವನ್ನಷ್ಟೇ ನೋಡಿದ್ದಾರೆ.

ಬೇಸಿಗೆಯಲ್ಲೂ ಸ್ವೆಟರ್ ಹಾಕಿಸುವ ಚಳಿಯ ಮೂಲ ಕಡಲಲ್ಲೇ ಇದೆ. ಮಾಸ್ ಲ್ಯಾಂಡಿಂಗ್ ಎಂಬ ಪುಟ್ಟ ಮೀನುಗಾರಿಕೆ ಬಂದರಿನ ಎದುರಿನಿಂದಲೇ ನೀರಿನೊಳಗೆ ಒಂದು ಮಹಾಕಂದಕ ಶುರುವಾಗುತ್ತದೆ. ಆಳದಲ್ಲಿ ಅದನ್ನು ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಲಿಸುತ್ತಾರೆ. ವಸಂತದಿಂದ ಬೇಸಿಗೆಯವರೆಗೆ ಬೀಸುವ ವಾಯವ್ಯ ಗಾಳಿಗೆ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಬೂತಾಯಿ ಮೀನಿನ ಹಿಂಡಿಗೆ ಮೇವು ಹುಟ್ಟುವುದೂ ಹೀಗೆಯೇ. ಮಾಂಟೆರೆಯಲ್ಲಿ ಈ ತಣ್ಣೀರಿನ ಮೇಲೆ ಹಾಯುವ ಗಾಳಿ ಮಂಜಾಗಿ ದಡವನ್ನು ಮುಚ್ಚುತ್ತದೆ. ಅದೇ ತಂಪು ಸಲಿನಾಸ್ ಕಣಿವೆಯೊಳಕ್ಕೂ ನುಗ್ಗಿ ಅಲ್ಲಿನ ಹೊಲಗಳ ಸೊಪ್ಪು ಬಾಡದಂತೆ ಕಾಯುತ್ತದೆ.

ರಮ್ಸೆನ್ ಒಲೋನಿ, ಎಸೆಲೆನ್, ಸಲಿನನ್ ಜನರ ಈ ನೆಲಕ್ಕೆ 1602ರಲ್ಲಿ ಸ್ಪೇನಿನ ನಾವಿಕ ವಿಜ್ಕಾಯಿನೊ ಬಂದು, ಮೆಕ್ಸಿಕೊದಲ್ಲಿದ್ದ ವೈಸರಾಯ್‌ನ ಹೆಸರನ್ನು ಕೊಲ್ಲಿಗೆ ಇಟ್ಟು ಹೋದ. ಕೋಟೆ ಮತ್ತು ಮಿಷನ್ ಎದ್ದದ್ದು 1770ರಲ್ಲಿ. ಮಿಷನ್ ಕಟ್ಟಿದ ಪಾದ್ರಿ ಹುನಿಪೆರೊ ಸೆರ್ರಾನ ಸಮಾಧಿ ಕಾರ್ಮೆಲ್‌ನ ಚರ್ಚಿನಲ್ಲಿದೆ. 2015ರಲ್ಲಿ ಪೋಪ್ ಆತನಿಗೆ ಸಂತ ಪದವಿ ಕೊಟ್ಟಾಗ ಮೂಲನಿವಾಸಿಗಳ ವಂಶಸ್ಥರು ಅನೇಕರು ಪ್ರತಿಭಟಿಸಿದರು. ಮಿಷನ್‌ಗಳ ದುಡಿತ ಮತ್ತು ರೋಗಕ್ಕೆ ಸಿಕ್ಕಿ ಸತ್ತವರು ಅವರ ಹಿರಿಯರೇ ತಾನೆ? ಸ್ಪೇನ್ ಹೋಗಿ ಮೆಕ್ಸಿಕೊ ಬಂದಾಗಲೂ ಈ ಪ್ರಾಂತದ ರಾಜಧಾನಿ ಬಹುಕಾಲ ಮಾಂಟೆರೆಯೇ. ಬಂದರಿನ ಪಕ್ಕದ ಸುಂಕದ ಕಟ್ಟೆಯ ಮೇಲೆ 1846ರ ಜುಲೈ 7ರಂದು ಅಮೆರಿಕದ ಬಾವುಟ ಏರಿತು. ಹಳೆಯ ಆ ಕಟ್ಟಡ ಇನ್ನೂ ಗಟ್ಟಿಯಾಗಿದೆ. 1849ರಲ್ಲಿ 48 ಪ್ರತಿನಿಧಿಗಳು ಕ್ಯಾಲಿಫೋರ್ನಿಯಾದ ಮೊದಲ ಸಂವಿಧಾನ ಬರೆದ ಕೋಲ್ಟನ್ ಹಾಲ್ ಅಲ್ಲಿಂದ ನಡೆದೇ ಹೋಗುವಷ್ಟು ದೂರ. ಸಂಗೀತಪ್ರಿಯರು ಕೌಂಟಿಯ ಜಾತ್ರೆ ಮೈದಾನಕ್ಕೂ ಒಮ್ಮೆ ಹೋಗಬಹುದು. 1967ರ ಜೂನ್ 18ರ ಮಧ್ಯಾಹ್ನ ರವಿಶಂಕರ್ ಅಲ್ಲಾ ರಖಾರ ತಬಲಾದೊಂದಿಗೆ ಸಿತಾರ್ ನುಡಿಸಿದ್ದು ಅಲ್ಲೇ. ಜಿಮಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಹಚ್ಚಿದ್ದು ಅದೇ ರಾತ್ರಿ.

ಕ್ಯಾನರಿ ರೋ ಬೀದಿಯಲ್ಲಿ ಇವತ್ತು ಐಸ್‌ಕ್ರೀಂ, ಟೀ ಶರ್ಟ್ ಅಂಗಡಿಗಳದೇ ಕಾರುಬಾರು. ಒಂದು ಕಾಲಕ್ಕೆ ಇದು ಮೀನಿನ ನಾತದ ಬೀದಿ. ಚೀನಾದಿಂದ ಬಂದ ಬೆಸ್ತರು ದೋಣಿಯಲ್ಲಿ ಬೆಂಕಿ ಉರಿಸಿ ರಾತ್ರಿ ಹೊತ್ತು ಬೊಂಡಾಸ ಹಿಡಿಯುತ್ತಿದ್ದರು. ಅವರ ಹಳ್ಳಿ 1906ರಲ್ಲಿ ಸುಟ್ಟುಹೋಯಿತು. ಆಮೇಲೆ ಸಿಸಿಲಿಯ ಬೆಸ್ತರ ಬಲೆ, ಮೀನನ್ನು ಡಬ್ಬಿಗೆ ತುಂಬುವ ಸಾಲು ಸಾಲು ಕಾರ್ಖಾನೆ. ದೋಣಿ ಬಂದೊಡನೆ ಯಾವ ಹೊತ್ತಾದರೂ ಸೀಟಿ ಕೂಗುತ್ತಿತ್ತು. ಒಂದೊಂದು ಕಾರ್ಖಾನೆಯ ಸೀಟಿಯ ದನಿಯೂ ಬೇರೆ; ಅದನ್ನು ಗುರುತು ಹಿಡಿದು ಹೆಂಗಸರು ಕೆಲಸಕ್ಕೆ ಓಡುತ್ತಿದ್ದರು. ಅತಿ ಹೆಚ್ಚು ಮೀನು ಸಿಕ್ಕ ವರ್ಷಗಳಲ್ಲಿ ಇಲ್ಲಿಗೆ ಬಂದ ಸಾರ್ಡೀನ್ 2 ಲಕ್ಷ ಟನ್‌ಗೂ ಹೆಚ್ಚು. ಡಬ್ಬಿಗಿಂತ ಮೀನಿನ ಹಿಟ್ಟು ಮತ್ತು ಎಣ್ಣೆಯಲ್ಲೇ ಲಾಭ ಜಾಸ್ತಿ ಎಂದಾದ ಮೇಲೆ ಬಲೆಗೆ ಮಿತಿಯೇ ಉಳಿಯಲಿಲ್ಲ. ಸರ್ಕಾರದ ವಿಜ್ಞಾನಿಗಳು 1930ರ ದಶಕದಲ್ಲೇ ಎಚ್ಚರಿಸಿದ್ದರು, ಯಾರೂ ಕಿವಿಗೊಡಲಿಲ್ಲ. 1940ರ ದಶಕ ಮುಗಿಯುವಷ್ಟರಲ್ಲಿ ಮೀನು ಮಾಯ. ಕಡಲಿನ ಸಹಜ ಏರಿಳಿತವೂ ಇದಕ್ಕೆ ಕಾರಣ ಎಂದು ಈಗ ಹೇಳುತ್ತಾರೆ. ನಿಜ, ಆದರೆ ಏರಿಳಿತದ ನಡುವೆ ಬಲೆ ಬೀಸಿದವರ ಪಾಲು ಕಮ್ಮಿಯದೇನಲ್ಲ. ಮಲ್ಪೆ, ಮಂಗಳೂರಿನ ಫಿಶ್‌ಮೀಲ್ ಕಾರ್ಖಾನೆಗಳ ಸುದ್ದಿ ಓದುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

1973ರಲ್ಲಿ ಮುಚ್ಚಿದ ಹೋವ್ಡೆನ್ ಕಾರ್ಖಾನೆಯ ಜಾಗದಲ್ಲಿ 1984ರಲ್ಲಿ ಅಕ್ವೇರಿಯಂ ತೆರೆಯಿತು. ಒಳಗೆ ಮೂರಂತಸ್ತಿನಷ್ಟು ಎತ್ತರದ ಗಾಜಿನ ತೊಟ್ಟಿ, ಅದರಲ್ಲಿ ಕೆಲ್ಪ್ ಎಂಬ ಕಡಲಕಳೆಯ ಕಾಡು. ನಿಂತ ನೀರಿನಲ್ಲಿ ಕೆಲ್ಪ್ ಬದುಕದು ಎಂದು ಯಂತ್ರದಿಂದ ಅಲೆ ಎಬ್ಬಿಸುತ್ತಾರೆ. ನೀರು ಎದುರಿನ ಕೊಲ್ಲಿಯದೇ. ಹಗಲು ನೋಡುಗರಿಗೆ ತಿಳಿಯಾಗಿ ಕಾಣಲೆಂದು ಅದನ್ನು ಸೋಸುತ್ತಾರೆ; ರಾತ್ರಿ ಸೋಸದೆ ಬಿಡುತ್ತಾರೆ, ತೊಟ್ಟಿಯ ಜೀವಗಳಿಗೆ ಆಹಾರ ಅದರೊಡನೆಯೇ ಬರುತ್ತದೆ. ಟಿಕೆಟ್ ದುಬಾರಿ, ಆದರೆ ಮೋಸವಿಲ್ಲ.

ಪಕ್ಕದ ಪೆಸಿಫಿಕ್ ಗ್ರೋವ್‌ಗೆ ಚಳಿಗಾಲದಲ್ಲಿ ಮೊನಾರ್ಕ್ ಚಿಟ್ಟೆಗಳು ವಲಸೆ ಬರುತ್ತವೆ, ಅವಕ್ಕೆ ತೊಂದರೆ ಕೊಟ್ಟರೆ ದಂಡ. ಕಾರ್ಮೆಲ್ ಶ್ರೀಮಂತರ ಊರು. ಮರದ ಬೇರಿನಿಂದ ಎದ್ದ ಪಾದಚಾರಿ ದಾರಿಯಲ್ಲಿ ಎಡವಿ ಬಿದ್ದವರು ಕೇಸು ಹಾಕಬಾರದೆಂದು, ಎರಡು ಇಂಚಿಗಿಂತ ಎತ್ತರದ ಚೂಪು ಹಿಮ್ಮಡಿಯ ಚಪ್ಪಲಿಗೆ ಪರವಾನಗಿ ಬೇಕೆಂಬ ಕಾನೂನನ್ನೇ ಮಾಡಿಕೊಂಡಿದೆ. 1986ರಲ್ಲಿ ಇವರು ಆರಿಸಿದ ಮೇಯರ್ ನಟ ಕ್ಲಿಂಟ್ ಈಸ್ಟ್‌ವುಡ್. ಊರು ಚಂದವೇ, ಆದರೆ ಒಂದು ಕಾಫಿಯ ಹೊತ್ತು ಸಾಕು.

ಅಲ್ಲಿಂದ ದಕ್ಷಿಣಕ್ಕೆ ಬಿಗ್ ಸರ್. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ನೇರ ಕಡಲು. ಕೈದಿಗಳನ್ನೂ ಹಚ್ಚಿ ಕಡಿಸಿದ ಹೆದ್ದಾರಿ 1 ಇಲ್ಲಿ ತೆರೆದದ್ದು 1937ರಲ್ಲಿ. ಬಿಕ್ಸ್‌ಬಿ ಸೇತುವೆ ಅದಕ್ಕೂ ಐದು ವರ್ಷ ಹಳೆಯದು. ತುಪ್ಪಳಕ್ಕಾಗಿ ಬೇಟೆಯಾಡಿ ನಿರ್ನಾಮವಾದವು ಎಂದೇ ನಂಬಿದ್ದ ಕಡಲ ನೀರುನಾಯಿಗಳ ಹಿಂಡು 1938ರಲ್ಲಿ ಈ ಸೇತುವೆಯ ಕೆಳಗಿನ ಅಳಿವೆಯಲ್ಲೇ ಕಂಡಿತು. ಶಿರಾಡಿ ಘಾಟಿಯ ಹಾಗೆ ಇಲ್ಲೂ ಮಳೆ ಬಂದರೆ ಗುಡ್ಡ ಕುಸಿಯುತ್ತದೆ. 2017ರ ಕುಸಿತದಲ್ಲಿ ಮುಚ್ಚಿದ ರಸ್ತೆ ತೆರೆಯಲು ವರ್ಷಕ್ಕೂ ಮಿಕ್ಕಿ ಹಿಡಿಯಿತು. ದಾರಿ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.

ಇನ್ನು ಸಲಿನಾಸ್. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1902ರಲ್ಲಿ ಹುಟ್ಟಿದ ಮನೆ ಈಗ ಹೋಟೆಲು; 1998ರಲ್ಲಿ ಅವನ ಹೆಸರಿನ ಕೇಂದ್ರವೂ ತೆರೆದಿದೆ. ಬದುಕಿದ್ದಾಗ ಊರಿನ ಜಮೀನ್ದಾರರಿಗೆ ಅವನು ಕಣ್ಣಿನ ಕಸ. ಕೂಲಿಗಳ ಕಷ್ಟ ಬರೆದವನು ನೋಡಿ. ಕಷ್ಟವೇನೂ ಕಟ್ಟುಕಥೆಯಲ್ಲ. ಲೆಟ್ಯೂಸ್ ಗದ್ದೆಯಲ್ಲಿ ಕಳೆ ತೆಗೆಯಲು ಕೊಡುತ್ತಿದ್ದ ಗುದ್ದಲಿಯ ಕಾವು ಒಂದಡಿ ಚಿಲ್ಲರೆ ಉದ್ದ ಮಾತ್ರ. ಆಳು ನೆಟ್ಟಗೆ ನಿಂತರೆ ಕೆಲಸ ನಿಂತಿದೆ ಎಂದು ಮೇಸ್ತ್ರಿಗೆ ದೂರದಿಂದಲೇ ತಿಳಿಯುತ್ತಿತ್ತು. ಸಾವಿರಾರು ಸೊಂಟಗಳನ್ನು ಮುರಿದ ಆ ಗುದ್ದಲಿಯನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿದ್ದು 1975ರಲ್ಲಿ. ಅದಕ್ಕೆ ಐದು ವರ್ಷ ಮೊದಲು ಸೊಪ್ಪಿನ ಹೊಲಗಳಲ್ಲಿ ದೊಡ್ಡ ಮುಷ್ಕರ ನಡೆದು, ಕಾರ್ಮಿಕ ನಾಯಕ ಸೀಸರ್ ಚಾವೆಜ್ ಇದೇ ಊರಿನ ಜೈಲಿನಲ್ಲಿದ್ದ.

ಈಗಲೂ ಲೆಟ್ಯೂಸ್ ಕೊಯ್ಲು ಹೆಚ್ಚಾಗಿ ಕೈಯಲ್ಲೇ. ಆಳು ಬಗ್ಗಿ ಬುಡಕ್ಕೆ ಚಾಕು ಹಾಕಿ, ಹೊರಗಿನ ಎಲೆ ಕಿತ್ತೆಸೆದು, ಹಿಂದೆ ನಿಧಾನ ಸಾಗುವ ಯಂತ್ರಕ್ಕೆ ಕೊಡುತ್ತಾನೆ. ಗದ್ದೆಯಲ್ಲೇ ಪೊಟ್ಟಣ, ಗದ್ದೆಯಲ್ಲೇ ಪೆಟ್ಟಿಗೆ. ದಕ್ಷಿಣದ ಗ್ರೀನ್‌ಫೀಲ್ಡ್ ಕಡೆ ಸ್ಪ್ಯಾನಿಷ್ ಅಲ್ಲದೆ ಮೆಕ್ಸಿಕೊದ ಒಆಹಾಕಾದಿಂದ ಬಂದ ತ್ರಿಕಿ ಭಾಷೆಯೂ ಕಿವಿಗೆ ಬೀಳುತ್ತದೆ. ಕಾರ್ಮೆಲ್‌ನ ಹೋಟೆಲುಗಳಲ್ಲಿ ತಟ್ಟೆಗೆ ಬರುವ ಸೊಪ್ಪನ್ನು ಕೊಯ್ದವರಿಗೆ ಕಾರ್ಮೆಲ್‌ನಲ್ಲಿ ಬಾಡಿಗೆ ಮನೆ ಕನಸಿನ ಮಾತು. ನವೆಂಬರ್ ಹೊತ್ತಿಗೆ ಬೆಳೆ ಅರಿಜೋನಾದ ಯೂಮಾಕ್ಕೆ ಹೋಗುತ್ತದೆ. ಆಳುಗಳ ಜೊತೆ ಸೊಪ್ಪು ತೊಳೆಯುವ ಯಂತ್ರಗಳೂ ಲಾರಿ ಹತ್ತಿ ಅಲ್ಲಿಗೇ ಹೊರಡುತ್ತವೆ. ಮರಳುವುದು ವಸಂತಕ್ಕೆ. ಕೊಯ್ಲು ನೋಡುವ ಆಸೆಯಿದ್ದರೆ ಮೇಯಿಂದ ಅಕ್ಟೋಬರ್‌ವರೆಗಿನ ಒಂದು ಬೆಳಿಗ್ಗೆ ಹೆದ್ದಾರಿ 101 ಹಿಡಿಯಿರಿ. ರಸ್ತೆಯಿಂದಲೇ ಕಾಣುತ್ತದೆ, ಟಿಕೆಟ್ ಬೇಕಿಲ್ಲ.