ಕುತ್ತಿಗೆಯ ಊತ: ನೋವಿಲ್ಲವೆಂದು ಸುಮ್ಮನಿರಬೇಡಿ

ಹಲ್ಲು ನೋವಾದರೆ ರಾತ್ರಿ ನಿದ್ದೆ ಬಾರದು. ಬೆಳಗಾದ ಕೂಡಲೇ ಡಾಕ್ಟರ ಹತ್ತಿರ ಓಡುತ್ತೇವೆ. ಆದರೆ ಕುತ್ತಿಗೆಯ ಮುಂದೆ ನಿಧಾನವಾಗಿ ಬೆಳೆಯುವ ಊತಕ್ಕೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ನಮ್ಮ ಹೆಂಗಸರಿಗಂತೂ ತಲೆವಸ್ತ್ರದ ಮರೆ ಬೇರೆ. ವರ್ಷ ಕಳೆದರೂ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಥೈರಾಯ್ಡ್ ಗ್ರಂಥಿ ದೊಡ್ಡದಾಗುವ ಈ ತೊಂದರೆಗೆ ಗಳಗಂಡ ಎನ್ನುತ್ತಾರೆ. ಇದು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಮಲ್ಲಿಪಟ್ಟಣದ ಕಡೆಯವರಾದ ನಾವು ಇದನ್ನು ಹಗುರವಾಗಿ ಕಾಣುವಂತಿಲ್ಲ. ಅರಕಲಗೂಡು ತಾಲ್ಲೂಕಿನ ನಮ್ಮ ಹೋಬಳಿ ಇರುವುದು ಮಲೆನಾಡಿನ ಅಂಚಿನಲ್ಲಿ. ಪಕ್ಕದ ಕೊಡಗು, ಆಚೆಯ ಚಿಕ್ಕಮಗಳೂರು ಎರಡೂ ಗಳಗಂಡ ಹೆಚ್ಚಾಗಿ ಕಂಡುಬಂದ ಜಿಲ್ಲೆಗಳು. ಥೈರಾಯ್ಡ್ ಕೆಲಸ ಮಾಡಲು ಅಯೋಡಿನ್ ಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಜೋರು ಮಳೆ ಮಣ್ಣಿನಲ್ಲಿರುವ ಅಯೋಡಿನನ್ನು ತೊಳೆದುಕೊಂಡು ಹೋಗುತ್ತದೆ. ಅಂಥ ಮಣ್ಣಿನ ಬೆಳೆಯಲ್ಲೂ ಅದು ಕಡಿಮೆ. ಸಾಕಾಗದಿದ್ದಾಗ ಗ್ರಂಥಿ ಹಿಗ್ಗುತ್ತದೆ.

ಈಗಿನ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿದರು, ಗಳಗಂಡ ಇಳಿಯಿತು. 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. 2006ರ ಮೇ ತಿಂಗಳಿಂದ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವಂತಿಲ್ಲ. ಹಾಗಾಗಿ ಪ್ಯಾಕೆಟ್ ನೋಡಿ ಕೊಳ್ಳಿ. ಒಲೆಯ ಬದಿಯಲ್ಲಿ ತೆರೆದಿಡದೆ ಮುಚ್ಚಳದ ಡಬ್ಬಿಯಲ್ಲಿಡಿ.

ಉಪ್ಪು ಸರಿಯಿದ್ದರೂ ಗ್ರಂಥಿ ಊದಬಹುದು. ದೇಹದ ರಕ್ಷಣಾ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು, ಒಳಗೆ ಗಂಟು ಬೆಳೆಯುವುದು, ಅಪರೂಪಕ್ಕೆ ಕ್ಯಾನ್ಸರ್ ಕೂಡ ಕಾರಣವಾಗುತ್ತದೆ. ಆದ್ದರಿಂದ ಊತ ಕಂಡಿತೆಂದು ಯಾರೋ ಹೇಳಿದ ಅಯೋಡಿನ್ ಮದ್ದು ತಿನ್ನಬೇಡಿ. ಕೆಲವರಿಗೆ ಅದರಿಂದ ಕಾಯಿಲೆ ಹೆಚ್ಚಾಗುತ್ತದೆ.

ಡಾಕ್ಟರಿಗೆ ಏನು ಹೇಳಬೇಕು?

ನಮ್ಮಲ್ಲಿ ಒಂದು ಅಭ್ಯಾಸವಿದೆ. ಕಾಯಿಲೆ ಹೆಂಡತಿಯದ್ದು, ಮಾತು ಗಂಡನದ್ದು. "ಕುತ್ತಿಗೆ ಸ್ವಲ್ಪ ಊದಿದೆ, ಮಾತ್ರೆ ಕೊಡಿ" ಎಂದು ಅವನು ಮುಗಿಸುತ್ತಾನೆ. ಅವಳ ಸುಸ್ತು, ಮುಟ್ಟಿನ ತೊಂದರೆ, ಬಸಿರು ನಿಲ್ಲದ ನೋವು ಅವನ ಬಾಯಲ್ಲಿ ಬರುವುದೇ ಇಲ್ಲ. ಡಾಕ್ಟರಿಗೆ ಬೇಕಾದದ್ದು ಅದೇ ವಿಷಯ. ಗಂಡನ ಎದುರು ಹೇಳಲು ನಾಚಿಕೆಯಾದರೆ ಉಮ್ಮನನ್ನೋ ಇತ್ತಾನನ್ನೋ ಕರೆದುಕೊಂಡು ಹೋಗಲಿ. ಮರೆಯುವಂತಿದ್ದರೆ ಶಾಲೆಗೆ ಹೋಗುವ ಮಗಳ ಕೈಲಿ ಚೀಟಿ ಬರೆಸಿಕೊಳ್ಳಲಿ.

ಚೀಟಿಯಲ್ಲಿ ಇಷ್ಟಿರಲಿ: ಊತ ಯಾವಾಗಿನಿಂದ ಇದೆ? ನಿಧಾನವಾಗಿ ಬೆಳೆಯಿತೋ, ಕೆಲವೇ ವಾರಗಳಲ್ಲಿ ಬೆಳೆಯಿತೋ? ನುಂಗುವಾಗ ತಡೆಯುತ್ತದೆಯೇ? ಮಲಗಿದರೆ ಉಸಿರು ಕಟ್ಟುತ್ತದೆಯೇ? ಸ್ವರ ಬದಲಾಗಿದೆಯೇ? ತಾಯಿ, ಅಕ್ಕತಂಗಿಯರಿಗೆ ಥೈರಾಯ್ಡ್ ಇತ್ತೇ? ಚಿಕ್ಕಂದಿನಲ್ಲಿ ಕುತ್ತಿಗೆಗೆ ಕರೆಂಟ್ ಚಿಕಿತ್ಸೆ, ಅಂದರೆ ರೇಡಿಯೇಷನ್, ಆಗಿತ್ತೇ? ಹೃದಯಕ್ಕೋ ಮನಸ್ಸಿನ ಕಾಯಿಲೆಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಹಳೆಯ ಚೀಟಿಗಳನ್ನೂ ಜೊತೆಗೆ ಒಯ್ಯಿರಿ.

ಮೈಯ ಲಕ್ಷಣಗಳನ್ನೂ ಬಿಡಬೇಡಿ. ಗ್ರಂಥಿಯ ಕೆಲಸ ಕಡಿಮೆಯಾದರೆ ಸುಸ್ತು, ಚಳಿ ತಡೆಯದಿರುವುದು, ತೂಕ ಏರುವುದು, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು. ಇಂಥವಳನ್ನು "ಸೋಮಾರಿ" ಎಂದು ಬೈದದ್ದು ಎಷ್ಟು ಮನೆಗಳಲ್ಲೋ! ಕೆಲಸ ಹೆಚ್ಚಾದರೆ ಎದೆ ಡವಡವ, ಕೈ ನಡುಕ, ಬೆವರು, ಚೆನ್ನಾಗಿ ಉಂಡರೂ ಇಳಿಯುವ ತೂಕ. ಎರಡೂ ಇಲ್ಲದೆ ಬರೀ ಊತ ಇರುವುದೂ ಉಂಟು.

ಊತ ಬೇಗ ಬೆಳೆಯುತ್ತಿದ್ದರೆ, ಸ್ವರ ಒಡೆದು ಸರಿಹೋಗದಿದ್ದರೆ, ನುಂಗಲು ಕಷ್ಟವಾದರೆ ಕಾಯಬೇಡಿ. ಉಸಿರಾಟಕ್ಕೇ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅರಕಲಗೂಡಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಅಲ್ಲಿಂದ ಮುಂದಕ್ಕೆ ಬರೆದುಕೊಟ್ಟರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಸಾಮಾನ್ಯವಾಗಿ ಟಿಎಸ್‌ಎಚ್ ರಕ್ತಪರೀಕ್ಷೆ, ಕುತ್ತಿಗೆಯ ಸ್ಕ್ಯಾನಿಂಗ್, ಗಂಟಿದ್ದರೆ ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರೆ. ಸೂಜಿ ಎಂದ ಕೂಡಲೇ ಕ್ಯಾನ್ಸರ್ ಎಂದು ಹೆದರಬೇಡಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ.

ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರೆ ಬೆಳಗ್ಗೆ ಖಾಲಿ ಹೊಟ್ಟೆಗೆ, ಚಹಾ ತಿಂಡಿಗಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನೀರಿನಲ್ಲಿ ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ರಂಝಾನಿನಲ್ಲಿ ಉಪವಾಸವೆಂದು ಮಾತ್ರೆ ನಿಲ್ಲಿಸುವ ಅಗತ್ಯವಿಲ್ಲ. ಸಹರಿಗೆ ಮುಂಚೆಯೋ, ರಾತ್ರಿ ಊಟವಾಗಿ ಕೆಲವು ಗಂಟೆಯ ಮೇಲೆಯೋ ಎಂದು ಡಾಕ್ಟರನ್ನು ಕೇಳಿ ಸಮಯ ಬದಲಿಸಿಕೊಳ್ಳಬಹುದು. ಬಸುರಿಯಾದಾಗ "ಮಗುವಿಗೆ ಉಷ್ಣ" ಎಂದು ಯಾರೇ ಹೇಳಿದರೂ ಬಿಡಬೇಡಿ. ಹೊಟ್ಟೆಯೊಳಗಿನ ಮಗುವಿನ ಮಿದುಳು ಬೆಳೆಯಲು ತಾಯಿಯ ಥೈರಾಯ್ಡ್ ಸರಿಯಿರಬೇಕು. ಬಸಿರು ತಿಳಿದ ಕೂಡಲೇ ಡಾಕ್ಟರಿಗೆ ಹೇಳಿದರೆ ಪ್ರಮಾಣ ಸರಿಮಾಡುತ್ತಾರೆ.

ಊತಕ್ಕೆ ನೂಲು ಕಟ್ಟಿಸಲು, ನೀರು ಊದಿಸಲು ಉಸ್ತಾದರ ಬಳಿ ಬರುವವರಿದ್ದಾರೆ. ದುಆ ಮಾಡೋಣ, ಅದು ಬೇಡವೆನ್ನುವವರು ಯಾರು? ಆದರೆ ಕಾಯಿಲೆಗೆ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದೂ ಪ್ರವಾದಿಯವರು(ಸ) ಕಲಿಸಿದ್ದಾರೆ. ನೂಲು ಕಟ್ಟಿ ಆರು ತಿಂಗಳು ಕಾಯುವುದು ಆ ಕಲಿಕೆಯಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಕನ್ನಡಿಯ ಮುಂದೆ ತಲೆವಸ್ತ್ರ ಸರಿಸಿ, ಗಲ್ಲ ಸ್ವಲ್ಪ ಎತ್ತಿ, ಒಂದು ಗುಟುಕು ನೀರು ನುಂಗಿ. ಗಂಟಲ ಕೆಳಗೆ ಉಬ್ಬು ಮೇಲೆದ್ದು ಇಳಿದಂತೆ ಕಂಡರೆ ಡಾಕ್ಟರಿಗೆ ತೋರಿಸಿ. ಮನೆಯ ಹೆಣ್ಣುಮಕ್ಕಳಿಗೂ ಇದನ್ನು ಹೇಳಿಕೊಡಿ.